ಹಳೆಯ ಕೊಳಲಿಗೆ ಹೊಸ ಹೆಡ್‌ಜಾಯಿಂಟ್: ಬೆಳ್ಳಿಯದೇ, ಮರದ್ದೇ, ಇರುವುದನ್ನೇ ಸರಿಪಡಿಸಬೇಕೇ?

ಡೊಂಬಿವಲಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲತಃ ಧಾರವಾಡವಾದರೂ ಅಪ್ಪನ ಕಾಲದಿಂದ ಮುಂಬಯಿಯೇ ಊರು. ಶಾಲೆಯ ಬ್ಯಾಂಡಿನಲ್ಲಿ ಕಲಿತ ಪಾಶ್ಚಾತ್ಯ ಕೊಳಲನ್ನು, ಅಂದರೆ ಕೀಗಳಿರುವ ಲೋಹದ ಅಡ್ಡಕೊಳಲನ್ನು, ನಡುವೆ ಮದುವೆ, ಮಕ್ಕಳು ಎಂದು ಹತ್ತು ವರ್ಷ ಪೆಟ್ಟಿಗೆಯಲ್ಲೇ ಇಟ್ಟಿದ್ದೆ. ಮತ್ತೆ ಹೊರತೆಗೆದು ನಾಲ್ಕು ವರ್ಷವಾಯಿತು. ಭಾನುವಾರ ಸಂಜೆ ಮಾಟುಂಗಾದಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ನಾವು ಆರು ಮಂದಿ ಸೇರಿ ನುಡಿಸುತ್ತೇವೆ.

ಕೊಳಲು ವಿದ್ಯಾರ್ಥಿಗಳಿಗೆಂದು ಮಾಡಿದ್ದು, ಬೆಳ್ಳಿಯ ಲೇಪವಿರುವ ನಿಕಲ್ ಸಿಲ್ವರಿನದು, ಅಂದರೆ ತಾಮ್ರ, ನಿಕಲ್, ಸತುಗಳ ಮಿಶ್ರಲೋಹದ್ದು. ಒಂದು ವರ್ಷದಿಂದ ಅದರ ಕೆಳಗಿನ ಸ್ವರಗಳು ಸೋತುಹೋಗಿವೆ. ಕೆಳಗಿನ ಡಿ ಊದಿದರೆ ಮೊದಲು ಬರಿಯ ಗಾಳಿಯ ಸದ್ದು ಬರುತ್ತದೆ, ಆಮೇಲೆ ಪಕ್ಕದ ಕೋಣೆಯಿಂದ ಕೇಳಿಸಿದಂತೆ ಸ್ವರ ಬರುತ್ತದೆ. ಮೂರನೆಯ ಸ್ಥಾಯಿಯ ಇ ಹತ್ತು ಸಲ ಹಿಡಿದರೆ ಆರು ಸಲ ಒಡೆಯುತ್ತದೆ. ಕೀಗಳ ಅಡಿಯಲ್ಲಿ ರಂಧ್ರ ಮುಚ್ಚುವ ಪ್ಯಾಡುಗಳನ್ನೆಲ್ಲ ಹೊಸದಾಗಿ ಹಾಕಿಸಿದರೂ ವ್ಯತ್ಯಾಸವಾಗಲಿಲ್ಲ. ರಿಪೇರಿಯವರೊಬ್ಬರು ಹೆಡ್‌ಜಾಯಿಂಟ್, ಅಂದರೆ ಊದುವ ರಂಧ್ರವಿರುವ ತಲೆಭಾಗ, ಸಡಿಲವಾಗಿದೆಯೆಂದು ಅದು ಕೂಡುವ ತುದಿಗೆ ವ್ಯಾಸಲೀನ್ ಸವರಿ ಕೊಟ್ಟರು. ಅದು ಧೂಳು ಹಿಡಿದು ಕಪ್ಪು ಅಂಟಾಗಿ, ಈಗ ಕೊಳಲನ್ನು ಜೋಡಿಸುವುದೇ ಕಷ್ಟವಾಗಿದೆ. ಅಂಗಡಿಯೊಂದರಲ್ಲಿ ಕೇಳಿದಾಗ, ಹೆಡ್‌ಜಾಯಿಂಟ್ ಸವೆದಿದೆ, ಅಪ್ಪಟ ಬೆಳ್ಳಿಯದನ್ನು ಹಾಕಿಕೊಳ್ಳಿ ಎಂದರು. ಅವರು ಹೇಳಿದ ಬೆಲೆ ನನ್ನ ಇಡೀ ಕೊಳಲಿನ ಬೆಲೆಗಿಂತ ಹೆಚ್ಚು.

ಹೆಡ್‌ಜಾಯಿಂಟ್ ಒಂದನ್ನೇ ಬದಲಾಯಿಸಿದರೆ ಕೊಳಲು ನಿಜವಾಗಿ ಬದಲಾಗುತ್ತದೆಯೇ? ಬೆಳ್ಳಿ, ಚಿನ್ನದ ರೈಸರ್ (ಊದುವ ರಂಧ್ರದ ಗೋಡೆ), ಮರ ಎಂಬ ಆಯ್ಕೆಗಳಲ್ಲಿ ಯಾವುದನ್ನು ಹೇಗೆ ಪರೀಕ್ಷಿಸಬೇಕು? ಪುಣೆಯ ಕಡೆ ಮರದ ಹೆಡ್‌ಜಾಯಿಂಟ್ ಮಾಡುವವರಿದ್ದಾರೆ ಎಂದು ಕೇಳಿದ್ದೇನೆ. ನಮ್ಮ ಮಳೆಗಾಲಕ್ಕೆ ಅದು ತಾಳುತ್ತದೆಯೇ? ಅನುಭವವಿದ್ದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಚಿಂಚವಡದಿಂದ ಉತ್ತರ

ಸೋದರಿಗೆ ನಮಸ್ಕಾರ. ನಾನು ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಮನೆಯ ಹಿಂದಿನ ಶೆಡ್ಡಿನಲ್ಲಿ ಚಿಕ್ಕ ಲೇತ್ ಇಟ್ಟುಕೊಂಡು ಏಳು ವರ್ಷಗಳಿಂದ ಮರದ ಹೆಡ್‌ಜಾಯಿಂಟುಗಳನ್ನು ಮಾಡುತ್ತಿದ್ದೇನೆ. ವ್ಯಾಪಾರಕ್ಕಾಗಿ ಮಾಡುವುದಿಲ್ಲ, ಆದ್ದರಿಂದ ನಾನು ಹೇಳುವುದರಲ್ಲಿ ಲಾಭದ ಮಾತಿಲ್ಲ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಈ ಪರೀಕ್ಷೆ ಮಾಡಿ. ಹೆಡ್‌ಜಾಯಿಂಟನ್ನು ಕೊಳಲಿನಿಂದ ಬಿಡಿಸಿ, ಅದರ ತೆರೆದ ತುದಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ, ಊದುವ ರಂಧ್ರಕ್ಕೆ ತುಟಿಯಿಟ್ಟು ಒಳಗಿನ ಗಾಳಿಯನ್ನು ಹೀರಿ, ತಕ್ಷಣ ನಾಲಿಗೆಯನ್ನು ರಂಧ್ರದ ಮೇಲೆ ಒತ್ತಿ. ಎಲ್ಲವೂ ಭದ್ರವಾಗಿದ್ದರೆ ನಾಲಿಗೆ ಅಲ್ಲೇ ಅಂಟಿಕೊಂಡು ಕೆಲವು ಸೆಕೆಂಡು ನಿಲ್ಲುತ್ತದೆ. ಕೂಡಲೇ ಬಿಟ್ಟುಕೊಂಡರೆ ಗಾಳಿ ಎಲ್ಲಿಂದಲೋ ಒಳನುಗ್ಗುತ್ತಿದೆ ಎಂದರ್ಥ. ಅದು ಒಂದೋ ಮುಚ್ಚಿದ ತುದಿಯ ಕಾರ್ಕಿನ ಬೂಚಿನ ಸುತ್ತಲಿಂದ, ಇಲ್ಲವೇ ರೈಸರಿನ ಬೆಸುಗೆಯಿಂದ. ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಕೊಳಲಿನ ಕಾರ್ಕ್ ಒಣಗಿ ಕುಗ್ಗಿರುವುದು ಬಹಳ ಸಹಜ. ಕೆಳಗಿನ ಸ್ವರಗಳು ತಡವಾಗಿ ಬರುವುದು ಮತ್ತು ಮೇಲಿನ ಇ ಒಡೆಯುವುದು ಎರಡಕ್ಕೂ ಅದೊಂದೇ ಕಾರಣ ಸಾಕು.

ಬೂಚಿನ ಸ್ಥಾನವನ್ನೂ ನೋಡಿ. ಒರೆಸುವ ಕಡ್ಡಿಯ ತುದಿಯ ಹತ್ತಿರ ಒಂದು ಗೆರೆ ಕೊರೆದಿರುತ್ತದೆ. ಕಡ್ಡಿಯನ್ನು ಒಳಗೆ ತೂರಿಸಿ ಬೂಚಿನ ತಗಡಿಗೆ ತಾಗಿಸಿದಾಗ ಆ ಗೆರೆ ಊದುವ ರಂಧ್ರದ ನಟ್ಟನಡುವೆ ಕಾಣಬೇಕು. ಆ ಅಂತರ ಸುಮಾರು 17 ಮಿಲಿಮೀಟರ್. ಬೂಚು ರಂಧ್ರದ ಕಡೆಗೆ ಸರಿದಿದ್ದರೆ ಮೇಲಿನ ಸ್ಥಾಯಿಯ ಶ್ರುತಿ ಏರುತ್ತದೆ, ದೂರ ಸರಿದಿದ್ದರೆ ಇಳಿಯುತ್ತದೆ. ಮೂರು ಸ್ಥಾಯಿಗಳ ಡಿ ಸ್ವರವನ್ನು ಒಂದರ ಹಿಂದೊಂದು ಊದಿದರೆ ಕಿವಿಗೇ ಗೊತ್ತಾಗುತ್ತದೆ. ಬೂಚನ್ನು ತೆಗೆಯಬೇಕಾದರೆ ಒಂದು ಎಚ್ಚರಿಕೆ: ತುದಿಯ ಮುಚ್ಚಳವಾದ ಕ್ರೌನನ್ನು ಬಿಚ್ಚಿದ ಮೇಲೆ ಬೂಚನ್ನು ಆ ಕಡೆಯಿಂದ ಎಳೆಯಬಾರದು. ಒಳಕೊಳವೆ ಆ ತುದಿಗೆ ಕಿರಿದಾಗುತ್ತಾ ಹೋಗುವುದರಿಂದ, ಅದನ್ನು ಒಳಕ್ಕೆ ತಳ್ಳಿ ಅಗಲವಾದ ತುದಿಯಿಂದಲೇ ಹೊರತೆಗೆಯಬೇಕು.

ಈ ಕಿರಿದಾಗುವಿಕೆಯೇ ಹೆಡ್‌ಜಾಯಿಂಟಿನ ಜೀವಾಳ. ಮ್ಯೂನಿಕ್ ನಗರದ ಥಿಯೋಬಾಲ್ಡ್ ಬೋಮ್ ಅಕ್ಕಸಾಲಿಯ ಮಗ, ತಾನೂ ಅದೇ ಕಸುಬು ಕಲಿತವನು, ಜೊತೆಗೆ ಆಸ್ಥಾನದ ಕೊಳಲುವಾದಕ. ಅವನಿಗಿಂತ ಮೊದಲಿನ ಕೊಳಲುಗಳಲ್ಲಿ ತಲೆಭಾಗ ನೇರ ಕೊಳವೆಯಾಗಿದ್ದು ಒಡಲು ಕಾಲಿನ ಕಡೆಗೆ ಕಿರಿದಾಗುತ್ತಿತ್ತು. 1847ರಲ್ಲಿ ಅವನು ಇದನ್ನು ತಿರುವುಮುರುವು ಮಾಡಿದ: ಒಡಲನ್ನು 19 ಮಿಲಿಮೀಟರಿನ ನೇರ ಕೊಳವೆಯಾಗಿಸಿ, ತಲೆಭಾಗವನ್ನು ಬೂಚಿನ ಹತ್ತಿರ ಸುಮಾರು 17 ಮಿಲಿಮೀಟರಿಗೆ ಬರುವಂತೆ ಮೆಲ್ಲನೆ ಬಾಗಿದ ರೇಖೆಯಲ್ಲಿ ಕಿರಿದಾಗಿಸಿದ. ಪೂರ್ತಿ ನೇರ ಕೊಳವೆಯಲ್ಲಿ ಮೇಲಿನ ಸ್ಥಾಯಿಗಳು ಶ್ರುತಿಯಲ್ಲಿ ಇಳಿಯುತ್ತವೆ, ಅವನ್ನು ಮೇಲಕ್ಕೆತ್ತುವುದು ಈ ಬಾಗು. ಅರ್ಧ ಮಿಲಿಮೀಟರ್ ಕೂಡ ಇಲ್ಲದ ಒಂದು ಏರಿಳಿತ ಒಳಗಿದ್ದರೂ ಯಾವುದೋ ಒಂದು ಸ್ವರ ಮಂಕಾಗುವುದನ್ನು ನಾನು ನನ್ನ ಕೈಕೆಲಸದಲ್ಲೇ ಕಂಡಿದ್ದೇನೆ.

ಆದರೆ ನೀವು ಊದುವಾಗ ಕೈಗೆ, ತುಟಿಗೆ ತಿಳಿಯುವ ಬದಲಾವಣೆಯ ಬಹುಪಾಲು ಬರುವುದು ರೈಸರಿನಿಂದ, ಅಂದರೆ ತುಟಿ ಇಡುವ ತಟ್ಟೆಗೂ ಕೊಳವೆಗೂ ನಡುವೆ ಬೆಸೆದ ಐದು ಮಿಲಿಮೀಟರ್ ಎತ್ತರದ ಆ ಚಿಕ್ಕ ಗೋಡೆಯಿಂದ. ಬೋಮ್ ಊದುವ ರಂಧ್ರವನ್ನು ಮೂಲೆಗಳು ದುಂಡಾದ ಆಯತವಾಗಿ, 12 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಅಗಲ ಇಟ್ಟು, ಗೋಡೆಗೆ 7 ಡಿಗ್ರಿ ಓರೆ ಕೊಟ್ಟಿದ್ದ. ಇಂದಿನ ತಯಾರಕರೂ ಈ ಅಳತೆಗಳ ಆಸುಪಾಸಿನಲ್ಲೇ ಸುತ್ತುತ್ತಾರೆ. ರಂಧ್ರ ದೊಡ್ಡದಾದರೆ ಕೆಳಗಿನ ಸ್ವರಗಳು ತುಂಬಿ ಬರುತ್ತವೆ, ಆದರೆ ಉಸಿರು ಹೆಚ್ಚು ಬೇಡುತ್ತದೆ. ಚಿಕ್ಕದಾದರೆ ಮೇಲಿನವು ಸಲೀಸು, ಒಟ್ಟು ದನಿ ಮಾತ್ರ ಸಣ್ಣದು. ಗೋಡೆಯ ಕೆಳ ಅಂಚನ್ನು ಒಳಗಿನಿಂದ ದುಂಡಗೆ ಮಾಡುವುದು ಅಂಡರ್‌ಕಟ್, ಮೇಲಂಚನ್ನು ತಗ್ಗಿಸುವುದು ಓವರ್‌ಕಟ್. ಇವೆರಡೂ ಸ್ವರ ಬೇಗ ಹೊರಡಲು ನೆರವಾಗುತ್ತವೆ, ಅತಿಯಾದರೆ ಸುಯ್ಯೆನ್ನುವ ಸದ್ದು ಸೇರಿಕೊಳ್ಳುತ್ತದೆ.

ಈ ಪಾಠವನ್ನು ನಾನು ಕಲಿತದ್ದು ನಷ್ಟದಿಂದ. ನನ್ನ ನಾಲ್ಕನೆಯ ಹೆಡ್‌ಜಾಯಿಂಟ್ ಬೀಟೆ ಮರದ್ದು. ಮರವನ್ನು ಹಂತ ಹಂತವಾಗಿ ಕೊರೆದು, ಎರಡು ಕೊರೆತಗಳ ನಡುವೆ ಆರು ವಾರ ಸುಮ್ಮನೆ ಬಿಟ್ಟು, ನಾನೇ ಟೂಲ್ ಸ್ಟೀಲಿನಲ್ಲಿ ಮಾಡಿಕೊಂಡ, ಒಳಮೈ ಹೆರೆಯುವ ರೀಮರಿನಿಂದ ಒಳಬಾಗನ್ನು ತಂದಿದ್ದೆ. ಊದಿದರೆ ಸ್ವರ ದುಂಡಗೆ, ಬೆಚ್ಚಗೆ ಬರುತ್ತಿತ್ತು. ಮೇಲಿನ ಎ ಮಾತ್ರ ಸ್ವಲ್ಪ ತಡೆಯುತ್ತಿತ್ತು. ಉಸಿರು ಬಡಿಯುವ ಎದುರಿನ ಅಂಚಿಗೆ ಸೂಜಿ ಅರದಿಂದ ನಾಲ್ಕೇ ನಾಲ್ಕು ಎಳೆತ ಕೊಟ್ಟೆ. ಮೇಲಿನ ಎ ಬಂತು, ಕೆಳಗಿನ ಸ್ವರಗಳ ದುಂಡುತನ ಹೋಯಿತು. ತೆಗೆದದ್ದನ್ನು ಮರಳಿ ಅಂಟಿಸಲಾಗುವುದಿಲ್ಲ. ಆ ತುಂಡನ್ನು ಈಗಲೂ ಕೆಲಸದ ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡಿದ್ದೇನೆ. ಈಗ ಅಂಚಿಗೆ ಒಂದು ಎಳೆತ ಕೊಟ್ಟರೆ ಆ ದಿನಕ್ಕೆ ಅಷ್ಟೇ, ಮರುದಿನ ಊದಿ ನೋಡಿ ಮುಂದಿನದು.

ಲೋಹದ ವಿಷಯಕ್ಕೆ ಬಂದರೆ, ಬೆಳ್ಳಿಯಾಗಲಿ ಚಿನ್ನವಾಗಲಿ ದನಿಯನ್ನು ತಾನಾಗಿ ಬದಲಿಸುತ್ತದೆಂದು ನಾನು ಒಪ್ಪುವುದಿಲ್ಲ. ಅಮೆರಿಕದ ಭೌತವಿಜ್ಞಾನಿ ಜಾನ್ ಕೋಲ್ಟ್‌ಮನ್ 1971ರಲ್ಲಿ ಒಂದೇ ಒಳ ಅಳತೆಯ ಮೂರು ಕೊಳಲುಗಳನ್ನು ತೆಳು ಬೆಳ್ಳಿ, ದಪ್ಪ ತಾಮ್ರ ಮತ್ತು ಮರದಲ್ಲಿ ಮಾಡಿ, ಕಾಣದಂತೆ ನುಡಿಸಿ ಪರೀಕ್ಷಿಸಿದರು. ಕೇಳಿದವರಿಗಾಗಲಿ ನುಡಿಸಿದವರಿಗಾಗಲಿ ಅವನ್ನು ದನಿಯಿಂದ ಗುರುತಿಸಲು ಸಾಧ್ಯವಾಗಲಿಲ್ಲ. ಹೀಗಾಗಿ, ಮೊದಲು ಹೀರಿ ನೋಡಿ, ಆಮೇಲೆ ಬರೆಯಿರಿ.

ಮಡಗಾಂವದಿಂದ ಉತ್ತರ

ಚಿಂಚವಡದ ಹಿರಿಯರು ಬರೆದ ಬಹುಪಾಲು ಮಾತುಗಳಿಗೆ ನನ್ನ ಸಹಮತವಿದೆ. ನಾನು ಕಾರವಾರದವನು, ಗೋವೆಯಲ್ಲಿ ಹದಿನೆಂಟು ವರ್ಷಗಳಿಂದ ಮಕ್ಕಳಿಗೆ ಪಾಶ್ಚಾತ್ಯ ಕೊಳಲು ಕಲಿಸುತ್ತಿದ್ದೇನೆ. ಕೋಲ್ಟ್‌ಮನ್ ಪರೀಕ್ಷೆಯ ಬಗ್ಗೆ ಮಾತ್ರ ಒಂದು ಮಾತು ಸೇರಿಸಲೇಬೇಕು. ಆ ಮೂರು ಕೊಳಲುಗಳ ಒಡಲು ಬೇರೆ ಬೇರೆ ವಸ್ತುವಿನದಾಗಿದ್ದರೂ ತಲೆಭಾಗ ಮೂರಕ್ಕೂ ಒಂದೇ ಬಗೆಯ ಪ್ಲಾಸ್ಟಿಕ್ಕಿನದು. ಆದ್ದರಿಂದ ಒಡಲಿನ ವಸ್ತುವಿನ ಬಗ್ಗೆ ಅದು ಉತ್ತರ ಕೊಡುತ್ತದೆ, ಹೆಡ್‌ಜಾಯಿಂಟಿನ ವಸ್ತುವಿನ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ವಿಯೆನ್ನಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ಈ ಚರ್ಚೆಗೆ ಹೆಚ್ಚು ಹತ್ತಿರದ್ದು. ಅಲ್ಲಿ ಒಬ್ಬನೇ ತಯಾರಕನ ಕೊಳಲುಗಳನ್ನು ಬೆಳ್ಳಿಲೇಪದಿಂದ ಹಿಡಿದು ಚಿನ್ನ, ಪ್ಲಾಟಿನಂವರೆಗೆ ಏಳು ಬಗೆಯಲ್ಲಿ ತಂದು ಹೋಲಿಸಿದ್ದರು. ಅಲ್ಲಿಯೂ ಲೋಹಕ್ಕಿಂತ ನುಡಿಸುವವರ ನಡುವಿನ ವ್ಯತ್ಯಾಸವೇ ದೊಡ್ಡದಾಗಿ ಕಂಡಿತು. ಅಂದರೆ ಹಿರಿಯರ ತೀರ್ಮಾನ ಸರಿಯೇ, ಅದಕ್ಕೆ ಕೊಟ್ಟ ಆಧಾರ ಮಾತ್ರ ಬೇರೆ ಇರಬೇಕಿತ್ತು.

ಹಾಗಿದ್ದರೂ ದುಬಾರಿ ಹೆಡ್‌ಜಾಯಿಂಟುಗಳು ಅನೇಕ ಸಲ ಚೆನ್ನಾಗಿರುವುದೇಕೆಂದರೆ, ಬೆಳ್ಳಿಯ ಕೊಳವೆಗೆ ರೈಸರ್ ಬೆಸೆದ ಮೇಲೆ ಅನುಭವಸ್ಥನೊಬ್ಬ ಅದರ ಅಂಚುಗಳನ್ನು ಕೈಯಿಂದ ತಿದ್ದಿ, ಊದಿ, ಮತ್ತೆ ತಿದ್ದಿರುತ್ತಾನೆ. ಲಂಡನ್ನಿನ ಕೊಳಲು ತಯಾರಕ ಆಲ್ಬರ್ಟ್ ಕೂಪರ್ ಹೆಸರಾದದ್ದು ಇಂಥ ತಿದ್ದುವಿಕೆಯಿಂದಲೇ. ನೀವು ತೆರುವ ಹಣ ಆ ಕೈಗೆ ಸಲ್ಲಬೇಕು. ಬೆಳ್ಳಿಯ ತೂಕಕ್ಕೆ ಮಾತ್ರ ಸಲ್ಲುವುದಾದರೆ ಕೊಳ್ಳಬೇಡಿ. ಚಿನ್ನದ ರೈಸರ್ ಎಂದ ಕೂಡಲೇ ದನಿ ಬೆಚ್ಚಗಾಗುತ್ತದೆ ಎಂಬ ಮಾತಿಗೂ ಮರುಳಾಗಬೇಡಿ.

ಆಯ್ಕೆ ಮಾಡುವಾಗ ನಾನು ವಿದ್ಯಾರ್ಥಿಗಳ ಜೊತೆ ಹೋಗಿ ಹೀಗೆ ನೋಡುತ್ತೇನೆ. ಪ್ರತಿಯೊಂದು ಹೆಡ್‌ಜಾಯಿಂಟನ್ನೂ ಅವರವರ ಸ್ವಂತ ಕೊಳಲಿಗೇ ಜೋಡಿಸಬೇಕು. ಬೂಚು ಎಲ್ಲದರಲ್ಲೂ ಒಂದೇ ಅಳತೆಗೆ ಇರಬೇಕು, ಇಲ್ಲವಾದರೆ ನಾವು ಹೋಲಿಸುತ್ತಿರುವುದು ಬೂಚುಗಳನ್ನು. ಮೊದಲ ಐದು ನಿಮಿಷದ ಅನಿಸಿಕೆಯನ್ನು ನಂಬಬಾರದು, ಏಕೆಂದರೆ ಹಳೆಯದರಿಂದ ಬೇರೆಯಾದದ್ದೆಲ್ಲ ಆಗ ಚೆನ್ನಾಗಿಯೇ ಕೇಳಿಸುತ್ತದೆ. ಕೆಳಗಿನ ಸಿ ಸ್ವರವನ್ನು ನಾಲಿಗೆ ತಾಗಿಸಿ ಮೆಲ್ಲಗೆ ಹೊರಡಿಸಿ. ಅದೇ ಬೆರಳಿಟ್ಟು ಉಸಿರಿನಿಂದ ಮಾತ್ರ ಒಂದರ ಮೇಲೊಂದು ಅನುಸ್ವರಗಳನ್ನು (ಹಾರ್ಮೋನಿಕ್‌ಗಳನ್ನು) ಏರುತ್ತಾ ಹೋಗಿ. ಮೂರನೆಯ ಸ್ಥಾಯಿಯ ಇ ಮತ್ತು ಎಫ್ ಶಾರ್ಪ್‌ಗಳನ್ನು ಪಿಸುಮಾತಿನಷ್ಟು ಮೆಲ್ಲಗೆ ಹಿಡಿದು ನೋಡಿ. ಗಟ್ಟಿಯಾಗಿ ಊದಿದಾಗ ಚೆನ್ನಾಗಿರುವುದು ಅನೇಕ, ಮೆಲ್ಲಗೆ ಊದಿದಾಗ ನಿಲ್ಲುವುದು ಕೆಲವೇ. ಕೊನೆಗೆ ಉದ್ದನೆಯ ಕೋಣೆಯ ಆ ತುದಿಯಲ್ಲಿ ಒಬ್ಬರನ್ನು ಬೆನ್ನು ಹಾಕಿ ಕೂರಿಸಿ, ಯಾವುದು ಯಾವುದೆಂದು ಹೇಳದೆ ಒಂದೇ ಸಾಲನ್ನು ನುಡಿಸಿ. ನುಡಿಸುವವರ ಕಿವಿ ರಂಧ್ರಕ್ಕೆ ತೀರ ಹತ್ತಿರ ಇರುವುದರಿಂದ ಅವರಿಗೆ ಕೇಳುವ ಸುಯ್ಯುವಿಕೆ ದೂರಕ್ಕೆ ತಲುಪುವುದೇ ಇಲ್ಲ. ಎಷ್ಟೋ ಸಲ ನಾವು ತಿರಸ್ಕರಿಸಿದ್ದೇ ಅಲ್ಲಿ ತುಂಬಿ ಕೇಳಿಸಿರುತ್ತದೆ.

ಶ್ರುತಿಯನ್ನೂ ಮರೆಯಬೇಡಿ. ಕೊಳಲೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ, ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಪಾಲು. ಅನೇಕ ಕೊಳಲುಗಳನ್ನು ಎ ಸ್ವರ 442 ಹರ್ಟ್ಸ್ ಎಂದು ಎಣಿಸಿ ಮಾಡಿರುತ್ತಾರೆ. ನಮ್ಮ ಮೇ ತಿಂಗಳ ಸೆಕೆಯಲ್ಲಿ 440ಕ್ಕೆ ಕಟ್ಟಿದ ಪಿಯಾನೋ ಜೊತೆ ಕೂಡಬೇಕಾದರೆ ಹೆಡ್‌ಜಾಯಿಂಟನ್ನು ಸಾಕಷ್ಟು ಹೊರಗೆಳೆಯಬೇಕಾಗುತ್ತದೆ. ಒಂದು ಮಿಲಿಮೀಟರ್ ಎಳೆದರೆ ನಡುವಿನ ಎ ಸುಮಾರು 4 ಸೆಂಟ್ ಇಳಿಯುತ್ತದೆ, ಕೆಳಗಿನ ಸಿ ಅದಕ್ಕಿಂತ ಕಡಿಮೆ ಇಳಿಯುತ್ತದೆ. ಹಾಗಾಗಿ ಅತಿಯಾಗಿ ಎಳೆದರೆ ಸ್ವರಗಳ ನಡುವಿನ ಹೊಂದಾಣಿಕೆಯೇ ಕೆಡುತ್ತದೆ. ಹೊಸ ಹೆಡ್‌ಜಾಯಿಂಟ್ ನಿಮ್ಮ ಹಳೆಯದಕ್ಕಿಂತ ಗಿಡ್ಡವಾಗಿದೆಯೇ ಎಂದು ಪಕ್ಕದಲ್ಲಿಟ್ಟು ಅಳೆಯುವುದು ಇದಕ್ಕಾಗಿಯೇ.

ಮರದ ಬಗ್ಗೆ: ನನ್ನ ಬಳಿ ಆಫ್ರಿಕಾದ ಕರಿಮರದ ಒಂದು ಹೆಡ್‌ಜಾಯಿಂಟಿದೆ. ಒಂಬತ್ತು ಮಳೆಗಾಲ ಕಂಡಿದೆ, ಸೀಳಿಲ್ಲ. ತೇವಕ್ಕಿಂತ ನಾನು ಹೆದರುವುದು ಏರ್‌ಕಂಡೀಶನರಿಗೆ. ಹೊರಗಿನ ಒದ್ದೆ ಗಾಳಿಯಿಂದ ಒಮ್ಮೆಲೇ ಒಣ ತಂಪಿನ ಸಭಾಂಗಣಕ್ಕೆ ತಂದು, ಬಿಸಿ ಉಸಿರು ಊದಿದಾಗ ಮರದ ಒಳಮೈ ಹಿಗ್ಗಿ ಹೊರಮೈ ಕುಗ್ಗುತ್ತದೆ, ಸೀಳುವುದು ಆಗಲೇ. ಎರಡು ಮೂರು ತಿಂಗಳಿಗೊಮ್ಮೆ ಒಳಗೆ ಬಾದಾಮಿ ಎಣ್ಣೆಯನ್ನು ತೆಳುವಾಗಿ ಸವರುತ್ತೇನೆ.

ಚೆಂಬೂರಿನಿಂದ ಉತ್ತರ

ನಾನು ನುಡಿಸುವುದು ಬಾನ್ಸುರಿ, ನಿಮ್ಮ ವಾದ್ಯದ ಕೀಗಳ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಆದರೂ ರೈಸರಿನ ಮಾತು ಓದಿದಾಗ ಒಂದು ಸಂಗತಿ ಸ್ಪಷ್ಟವಾಯಿತು, ಅದನ್ನು ಹಂಚಿಕೊಳ್ಳುತ್ತೇನೆ. ಬಿದಿರಿನ ಕೊಳಲಿಗೆ ಬೇರೆ ರೈಸರ್ ಬೇಕಿಲ್ಲ, ಬಿದಿರಿನ ಗೋಡೆಯ ದಪ್ಪವೇ ಅದರ ಎತ್ತರ. ಲೋಹದ ಕೊಳವೆಯ ಗೋಡೆ ಅರ್ಧ ಮಿಲಿಮೀಟರಿಗಿಂತ ತೆಳುವಾದ್ದರಿಂದ ಅಲ್ಲಿ ಗೋಡೆಯನ್ನು ಕಟ್ಟಿಕೊಡಬೇಕಾಗಿದೆ. ನಾವು ಕೊಳ್ಳುವಾಗಲೂ ಊದುವ ರಂಧ್ರದ ಹತ್ತಿರ ಬಿದಿರು ತೀರ ತೆಳುವಾಗಿದ್ದರೆ ಕೆಳಗೆ ಇಟ್ಟುಬಿಡುತ್ತೇವೆ. ಬಾನ್ಸುರಿ ವಾದಕ ಪನ್ನಾಲಾಲ್ ಘೋಷರ ಕಾಲದಿಂದ ನಮ್ಮಲ್ಲಿ ಉದ್ದನೆಯ, ಅಗಲ ಒಳಕೊಳವೆಯ ಬಾನ್ಸುರಿ ಬಂತು, ಅದರ ಮಂದ್ರ ಸ್ವರಗಳು ನಿಲ್ಲುವುದು ಈ ಅಂಚಿನ ಮೇಲೆಯೇ. ಕಾದ ಸರಳಿನಿಂದ ರಂಧ್ರ ಸುಟ್ಟ ಮೇಲೆ ನನ್ನ ಕೊಳಲು ಮಾಡಿಕೊಡುವವರು ಉಪ್ಪುಕಾಗದವನ್ನು ಕಡ್ಡಿಗೆ ಸುತ್ತಿ ಎದುರಿನ ಅಂಚನ್ನು ತಿಕ್ಕುವಾಗ ಪ್ರತಿ ಸಲವೂ ಊದಿ ನೋಡುತ್ತಾರೆ. ಬೂಚು ಸಡಿಲವಾದರೆ ಮಂದ್ರವೇ ಮೊದಲು ಹೋಗುವುದು, ಇದು ನಮ್ಮಲ್ಲಿಯೂ ನಿಜ. ಅಕ್ಕ, ನಿಮ್ಮ ತೊಂದರೆ ಅದೇ ಎಂದು ನನ್ನ ಊಹೆ.

ಡೊಂಬಿವಲಿಯಿಂದ ಮರುಪತ್ರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹೀರಿ ನೋಡಿದೆ. ನಾಲಿಗೆ ಅರೆಕ್ಷಣವೂ ನಿಲ್ಲಲಿಲ್ಲ. ಕಳೆದ ಶನಿವಾರ ಕಲ್ಯಾಣದಿಂದ ರೈಲು ಹಿಡಿದು ಚಿಂಚವಡಕ್ಕೆ ಹೋಗಿದ್ದೆ. ಹಿರಿಯರು ಕ್ರೌನ್ ಬಿಚ್ಚಿ ಬೂಚನ್ನು ತಳ್ಳಿದಾಗ ಅದು ಯಾವ ತಡೆಯೂ ಇಲ್ಲದೆ ಅಂಗೈಗೆ ಉದುರಿತು. ಒಣ ಖರ್ಜೂರದಂತೆ ಸುಕ್ಕುಗಟ್ಟಿ, ಒಂದು ಪಕ್ಕ ಕಪ್ಪಾಗಿತ್ತು. ಹೊಸ ಕಾರ್ಕನ್ನು ಉಪ್ಪುಕಾಗದದ ಮೇಲೆ ಉರುಳಿಸುತ್ತಾ, ಒಳಗೆ ತೂರಿಸಿ ನೋಡುತ್ತಾ, ಮತ್ತೆ ಉರುಳಿಸುತ್ತಾ ಮುಕ್ಕಾಲು ಗಂಟೆ ಕೂತರು. ಕೂಡುವ ತುದಿಯ ಕಪ್ಪು ಅಂಟನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಲೋಹಕ್ಕೆ ಲೋಹ ಕೂಡುವಲ್ಲಿ ಯಾವ ಜಿಡ್ಡನ್ನೂ ಹಚ್ಚಬಾರದೆಂದು ಹೇಳಿದರು. ಅಂಟು ಹೋದ ಮೇಲೆ ನೋಡಿದರೆ ಸಡಿಲವೂ ಅಷ್ಟೇನಿರಲಿಲ್ಲ. ಕೆಳಗಿನ ಡಿ ನಾಲಿಗೆ ತಾಗಿದ ಕ್ಷಣವೇ ಹೊರಟಿತು. ಅದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು, ಏಕೆಂದರೆ ಒಂದು ವರ್ಷದಿಂದ ನನ್ನ ಉಸಿರೇ ಕುಗ್ಗಿತೆಂದು ನಾನು ತಿಳಿದಿದ್ದೆ.

ಆಮೇಲೆ ಮಡಗಾಂವದವರು ಬರೆದಂತೆ ಮಗಳನ್ನು ವರಾಂಡದ ತುದಿಯಲ್ಲಿ ಬೆನ್ನು ಹಾಕಿ ಕೂರಿಸಿ, ನನ್ನ ಹೆಡ್‌ಜಾಯಿಂಟನ್ನೂ ಹಿರಿಯರ ಎರಡು ಮರದವನ್ನೂ ಹೆಸರು ಹೇಳದೆ ನುಡಿಸಿದೆ. ಆರು ಸಲದಲ್ಲಿ ನಾಲ್ಕು ಸಲ ಅವಳು ಮೆಚ್ಚಿದ್ದು ಮರದ ಎರಡನೆಯದನ್ನು, ಎರಡು ಸಲ ನನ್ನ ಹಳೆಯದನ್ನು. ನನಗೆ ಊದಲು ಹಿತವೆನಿಸಿದ್ದ ಮರದ ಮೊದಲನೆಯದನ್ನು ಅವಳು ಒಮ್ಮೆಯೂ ಆರಿಸಲಿಲ್ಲ. ಬೆಳ್ಳಿಯ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಮರದ ಎರಡನೆಯದನ್ನು ಮಳೆಗಾಲ ಮುಗಿಯುವವರೆಗೆ ಇಟ್ಟುಕೊಂಡು ನೋಡಲು ಹಿರಿಯರು ಕೊಟ್ಟಿದ್ದಾರೆ. ಅದನ್ನು ನೋಡಿಕೊಳ್ಳುವ ಬಗೆಯನ್ನು ಇನ್ನೊಮ್ಮೆ ಇಲ್ಲಿಯೇ ಬರೆದರೆ ಬೇರೆಯವರಿಗೂ ಉಪಯೋಗವಾದೀತು.

ಚಿಂಚವಡದಿಂದ ಮರುಪತ್ರ

ಮೊದಲಿಗೆ, ಕೋಲ್ಟ್‌ಮನ್ ಪರೀಕ್ಷೆಯ ತಲೆಭಾಗದ ವಿಷಯವನ್ನು ತಿದ್ದಿಕೊಟ್ಟ ಮಡಗಾಂವದ ಮೇಷ್ಟ್ರಿಗೆ ನಾನು ಋಣಿ.

ಸೋದರಿ, ಮೊದಲ ವಾರ ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಊದಬೇಡಿ, ಮುಂದಿನ ವಾರ ಇಪ್ಪತ್ತು ನಿಮಿಷ. ಊದಿದ ಕೂಡಲೇ ಒಳಗೆ ಹತ್ತಿಬಟ್ಟೆ ಎಳೆದು ಒರೆಸಿ, ಊದುವ ರಂಧ್ರದ ಗೋಡೆಗಳನ್ನು ಮಾತ್ರ ಬಟ್ಟೆಯ ತುದಿಯಿಂದ ಒತ್ತಿ ತೇವ ಹೀರಿಸಿ, ತಿಕ್ಕಬೇಡಿ, ಏಕೆಂದರೆ ಅಂಚು ಅಷ್ಟಕ್ಕೇ ಸವೆಯುತ್ತದೆ. ಪೆಟ್ಟಿಗೆ ಮುಚ್ಚುವ ಮೊದಲು ಅರ್ಧ ಗಂಟೆ ನೆರಳಿನಲ್ಲಿ, ಫ್ಯಾನಿನ ನೇರ ಗಾಳಿಗೆ ಸಿಗದಂತೆ ಇಡಿ. ಲೋಕಲ್ ಗಾಡಿಯಲ್ಲಿ ಮಾಟುಂಗಾಕ್ಕೆ ಒಯ್ಯುವಾಗ ಪೆಟ್ಟಿಗೆಯನ್ನು ಮಳೆಯಿಂದ ಕಾಪಾಡಿದರೆ ಸಾಕು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಜುಲೈಯಲ್ಲಿ ಮರ ಹಿಗ್ಗಿ ಕ್ರೌನ್ ಬಿಗಿಯಾದರೆ ಒತ್ತಾಯದಿಂದ ತಿರುಗಿಸಬೇಡಿ. ಒಂದು ಸಾಲು ಬರೆಯಿರಿ, ಡೊಂಬಿವಲಿಯಲ್ಲಿ ನನ್ನ ತಂಗಿಯ ಮನೆಯಿದೆ, ಬಂದಾಗ ನಾನೇ ನೋಡುತ್ತೇನೆ.